ನಲವತ್ತು ಡಿಗ್ರಿ ದಾಟಿದ ಕೋಣೆ

ಲ್ಯಾಬಿನಲ್ಲಿ ಆತನಿಗೆ ‘ನಲವತ್ತು’ ಎಂಬ ಅಡ್ಡಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ವಯಸ್ಸು ಆ ಗಡಿಯನ್ನು ದಾಟಿ ಮುಂದೆ ಹೋಗಿಯಾಗಿತ್ತು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮೊಬೈಲ್ ಚಾರ್ಜರ್, ಗೀಸರ್ ಇವೆಲ್ಲ ಅಂಗಡಿಗೆ ಹೋಗುವ ಮೊದಲು ಸುರಕ್ಷಿತವೇ ಎಂದು ಪರೀಕ್ಷಿಸುವ ಲ್ಯಾಬು ಅದು. ಯಾವ ಸಾಮಾನು ಎಷ್ಟು ಬಿಸಿಯಾಗಬಹುದು ಎಂಬುದಕ್ಕೆ ನಿಯಮವಿದೆ. ಆದರೆ ಸಾಮಾನಿನ ಬಿಸಿ ಅದೊಂದರದೇ ಬಿಸಿಯಲ್ಲ, ಅದನ್ನಿಟ್ಟ ಕೋಣೆಯ ಬಿಸಿಯೂ ಅದಕ್ಕೆ ಸೇರುತ್ತದೆ. ತಣ್ಣನೆಯ ಕೋಣೆಯಲ್ಲಿ ಹಾಯಾಗಿ ಓಡುವ ಮೋಟಾರು ಕಾದ ಕೋಣೆಯಲ್ಲಿ ಸುಟ್ಟು ವಾಸನೆ ಹೊಡೆಯಬಹುದು. ಅದಕ್ಕೇ ತಯಾರಿಸಿದವರು ‘ಸುತ್ತಲಿನ ತಾಪಮಾನ ಇಷ್ಟರಿಂದ ಇಷ್ಟರವರೆಗೆ’ ಎಂದು ಸಾಮಾನಿನ ಮೇಲೆ ಬರೆಯುತ್ತಾರೆ. ಹಾಗೆ ಬರೆದ ಮೇಲೆ ಆ ಕೊನೆಯ ಅಂಚಿನಲ್ಲೂ ಅದು ಕೆಡದೆ ಓಡಿ ತೋರಿಸಬೇಕು. ಹೆಚ್ಚಿನವರು ಬರೆಯುವ ಅಂಚು ನಲವತ್ತು ಡಿಗ್ರಿ. ಆತ ಆ ಅಂಚನ್ನು ಹಿಡಿದು ಕೂತರೆ ಬಿಡುತ್ತಿರಲಿಲ್ಲ.

“ಸಾರ್, ನಲವತ್ತರಲ್ಲಿ ಯಾರು ಸಾರ್ ಮಿಕ್ಸಿ ಓಡಿಸ್ತಾರೆ? ಸ್ವಲ್ಪ ಇಪ್ಪತ್ತೈದರಲ್ಲಿ ಇಟ್ಟು ನೋಡಿ ಪಾಸು ಮಾಡಿ” ಎಂದು ತಯಾರಕರು ಗೋಗರೆಯುತ್ತಿದ್ದರು.

“ಮಧ್ಯಾಹ್ನದ ಹೊತ್ತು ನಿಮ್ಮನೆ ಅಡುಗೆಮನೇಲಿ ಹೋಗಿ ನಿಂತಿದ್ದೀರಾ ಯಾವತ್ತಾದ್ರೂ?” ಎಂದು ಆತ ಕೇಳುತ್ತಿದ್ದ.

ಅವರು ತಲೆ ಕೆರೆದುಕೊಳ್ಳುತ್ತಿದ್ದರು. ಪಕ್ಕದ ಟೇಬಲ್ಲಿನವರು ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಕೆಲಸ ಮುಗಿದ ಮೇಲೆ ಆತ ನೇರ ಮನೆಗೆ ಹೋಗುತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು. ಬೆಳಿಗ್ಗೆ ತಲೆನೋವು ಎಂದವಳು ಸಂಜೆಗೆ ಇರಲಿಲ್ಲ, ಅಷ್ಟೇ. ಮಕ್ಕಳಿರಲಿಲ್ಲ. ಅವಳು ಹೋದಂದಿನಿಂದ ಆತ ಪ್ರತಿ ಸಂಜೆ ಅವಳ ತಾಯಿಯನ್ನು ನೋಡಿ ಬರುತ್ತಿದ್ದ. ಆಕೆಗೂ ಇದ್ದದ್ದು ಒಬ್ಬಳೇ ಮಗಳು. ಆಕೆಗೆ ಬೇರೆ ಯಾರಿಲ್ಲ, ಈತನಿಗೆ ಬೇರೆಲ್ಲಿಗೂ ಹೋಗುವುದಕ್ಕಿಲ್ಲ.

ಅತ್ತೆ ದರ್ಜಿ. ಮೂರು ಮಹಡಿಯ ಹಳೆ ಕಟ್ಟಡವೊಂದರ ತಾರಸಿಯ ಮೇಲೆ, ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ಆಕೆ ಬಾಡಿಗೆಗಿದ್ದಳು. ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ಮಗಳನ್ನು ಓದಿಸಿದ್ದು ಆ ಕೋಣೆಯಲ್ಲೇ. ಅಳಿಯ ಬರುವ ಹೊತ್ತಿಗೆ ಕುರ್ಚಿ ಒರೆಸಿಟ್ಟಿರುತ್ತಿತ್ತು. ತಾರಸಿಗೆ ನೀರು ಹೊಡೆದು ನೆಲವಿನ್ನೂ ಒದ್ದೆಯಾಗಿರುತ್ತಿತ್ತು. ತೆರೆದ ಕಿಟಕಿಯಿಂದ ಸಂಜೆಯ ಗಾಳಿ ಬರುತ್ತಿತ್ತು. “ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ” ಎಂದು ಆಕೆ ಎದ್ದು ನಿಲ್ಲುತ್ತಿದ್ದಳು. ಎಷ್ಟು ಸಲ ಬೇಡವೆಂದರೂ ಕೇಳುತ್ತಿರಲಿಲ್ಲ. ಒಂದು ಲೋಟ ಟೀ, ಟೀವಿಯಲ್ಲಿ ಒಂದಿಷ್ಟು ವಾರ್ತೆ, “ಕೆಲಸ ಹೇಗಿದೆ?”, “ಔಷಧಿ ತಗೊಂಡ್ರಾ?” ಇಷ್ಟೇ ಅವರ ಮಾತು. ಮಗಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ಇನ್ನೊಬ್ಬರಿಗೆ ನೋವಾಗುತ್ತದೆಂದು ಇಬ್ಬರೂ ಅಂದುಕೊಂಡಿದ್ದರು.

ಆಕೆಯ ಶ್ವಾಸಕೋಶ ಸೋತಿದೆ, ದಿನಕ್ಕೆ ಇಷ್ಟು ಹೊತ್ತು ಆಮ್ಲಜನಕ ಬೇಕು ಎಂದು ಡಾಕ್ಟರು ಹೇಳಿದಾಗ ಯಂತ್ರವನ್ನು ಆರಿಸಿದ್ದು ಅಳಿಯನೇ. ಕೋಣೆಯ ಗಾಳಿಯನ್ನೇ ಒಳಗೆಳೆದು, ಅದರಿಂದ ಆಮ್ಲಜನಕವನ್ನು ಬೇರ್ಪಡಿಸಿ, ಸಣ್ಣ ನಳಿಕೆಯಲ್ಲಿ ಮೂಗಿಗೆ ಕಳಿಸುವ ಯಂತ್ರ. ಮಂಚದ ಪಕ್ಕ ಇಡಬಹುದಾದ ಪೆಟ್ಟಿಗೆ, ಅಡಿಗೆ ಚಕ್ರ. ಪ್ಲಗ್ಗು, ತಂತಿ, ಫ್ಯೂಸು ಎಲ್ಲವನ್ನೂ ಆತ ತಿರುಗಿಸಿ ತಿರುಗಿಸಿ ನೋಡಿ ತಂದ. ಹಿಂಬದಿಯ ಪಟ್ಟಿಯಲ್ಲಿ ‘ಐದರಿಂದ ನಲವತ್ತು ಡಿಗ್ರಿ’ ಎಂದಿದ್ದದ್ದನ್ನೂ ಓದಿದ್ದ. ಓದಿ ತೃಪ್ತಿಯಾಗಿ ತಲೆಯಾಡಿಸಿದ್ದ. ತಂದಿಟ್ಟದ್ದು ಒಂದು ಸಂಜೆ.

ಆ ವರ್ಷ ಬಿಸಿಲು ಬೇಗ ಬಂತು, ಬಂದದ್ದು ಹೋಗಲಿಲ್ಲ. ಒಂದು ಬೆಳಿಗ್ಗೆ ಲ್ಯಾಬಿಗೆ ಯಂತ್ರ ರಿಪೇರಿಯವನ ಫೋನು ಬಂತು.

“ಸಾರ್, ಅಮ್ಮ ನಿಮಗೆ ಹೇಳ್ಬೇಡಿ ಅಂದಿದಾರೆ. ಆದ್ರೂ ಹೇಳ್ತಿದೀನಿ. ಮಷೀನು ಮಧ್ಯಾಹ್ನ ಕೂಗಿಕೊಂಡು ನಿಂತುಹೋಗುತ್ತಂತೆ. ಎರಡು ಸಲ ರಾತ್ರಿಗೆ ಬೇರೆ ಮಷೀನು ಕೊಟ್ಟು, ಇದನ್ನ ಅಂಗಡಿಗೆ ತಂದು ಬೆಳಗಿನ ತನಕ ಓಡಿಸಿದೆ, ಗುಂಡುಕಲ್ಲಿನ ಹಾಗಿದೆ. ವಾಪಸ್ ಕೊಟ್ರೆ ಮತ್ತೆ ಅದೇ ಕಥೆ. ಅಮ್ಮ ಏನಂದ್ರು ಗೊತ್ತಾ? ‘ಅದಕ್ಕೆ ನನ್ನ ಕಂಡ್ರೆ ಆಗಲ್ಲ, ಬಿಡಪ್ಪ’ ಅಂದ್ರು.”

ಆತ ಅರ್ಧ ದಿನದ ರಜೆ ಹಾಕಿ ಹೊರಟ. ಬ್ಯಾಗಿನಲ್ಲಿ ಲ್ಯಾಬಿನ ಥರ್ಮಾಮೀಟರು ಇತ್ತು. ಬೀದಿಯಲ್ಲಿ ಜನವಿರಲಿಲ್ಲ, ಅಂಗಡಿಗಳು ಅರ್ಧ ಷಟರ್ ಇಳಿಸಿಕೊಂಡು ತೂಕಡಿಸುತ್ತಿದ್ದವು. ಕಟ್ಟಡದೊಳಗಿನ ಮೆಟ್ಟಿಲು ತಂಪಾಗಿಯೇ ಇತ್ತು. ಕೊನೆಯ ಮಹಡಿಯಿಂದ ತಾರಸಿಗೆ ಹೋಗುವ ಕಬ್ಬಿಣದ ಮೆಟ್ಟಿಲಿನ ಹಿಡಿಕೆಗೆ ಕೈಯಿಟ್ಟವನು ಸುಟ್ಟವನಂತೆ ಹಿಂದಕ್ಕೆ ಎಳೆದುಕೊಂಡ. ಇಷ್ಟು ವರ್ಷಗಳಲ್ಲಿ ಈ ಮೆಟ್ಟಿಲನ್ನು ತಾನು ಮಧ್ಯಾಹ್ನ ಒಮ್ಮೆಯೂ ಹತ್ತಿಲ್ಲ ಎಂಬುದು ಆಗ ಹೊಳೆಯಿತು.

ಬಾಗಿಲು ಚಿಲಕವಿಲ್ಲದೆ ಸುಮ್ಮನೆ ಮುಂದೆ ಮಾಡಿತ್ತು. ತಳ್ಳಿದ.

ಅತ್ತೆ ಬಚ್ಚಲಿನ ಹೊಸ್ತಿಲಲ್ಲಿ, ಒದ್ದೆ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಳು. ತಲೆಯ ಮೇಲೆ ಒದ್ದೆ ಟವೆಲು. ಮೂಗಿನಲ್ಲಿ ನಳಿಕೆ. ಕೋಣೆಯ ನಡುವೆ ಆಮ್ಲಜನಕದ ಯಂತ್ರ ಗುರುಗುಟ್ಟುತ್ತಿತ್ತು. ಮನೆಗಿದ್ದ ಒಂದೇ ಒಂದು ಟೇಬಲ್ ಫ್ಯಾನು ಸ್ಟೂಲಿನ ಮೇಲೆ ಕೂತು ಜೋರಾಗಿ ತಿರುಗುತ್ತಿತ್ತು. ಅದರ ಮುಖ ಅತ್ತೆಯ ಕಡೆಗಿರಲಿಲ್ಲ. ಅದು ಯಂತ್ರಕ್ಕೆ ಗಾಳಿ ಹಾಕುತ್ತಿತ್ತು.

ಆತ ಅಲ್ಲೇ ನಿಂತುಬಿಟ್ಟ.

“ಅಯ್ಯೋ, ಅಳಿಯಂದ್ರೇ!” ಆಕೆ ಟವೆಲು ಕಿತ್ತು ಹಿಂದೆ ಮುಚ್ಚಿಟ್ಟುಕೊಂಡು ಏಳಲು ಹೋದಳು. “ಇದೇನು ಈ ಹೊತ್ತಲ್ಲಿ? ಕೆಲಸ ಇಲ್ವಾ? ಇರಿ, ಕುರ್ಚಿ…”

“ಏಳ್ಬೇಡಿ ಅತ್ತೆ. ಕೂತ್ಕೊಳ್ಳಿ.”

“ಹೊರಗಡೆ ತುಂಬ ಬಿಸಿಲೇನು? ಒಳಗೆ ಅಷ್ಟೇನಿಲ್ಲ. ತಣ್ಣಗೇ ಇದೆ, ಅಲ್ವಾ?”

ಆಕೆಯ ಹಣೆಯಿಂದ ಬೆವರು ಇಳಿದು ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು. ಏನು ಮಾಡಬೇಕೆಂದು ತೋಚದಾಗ ಕೈಗೆ ಅಭ್ಯಾಸವಾದದ್ದನ್ನು ಮಾಡುವವನ ಹಾಗೆ ಆತ ಥರ್ಮಾಮೀಟರನ್ನು ತೆಗೆದು, ಫ್ಯಾನಿನ ಗಾಳಿ ತಾಗದಂತೆ, ಬಿಸಿಲು ಬೀಳದಂತೆ, ಯಂತ್ರದ ಎತ್ತರಕ್ಕೆ ಸರಿಯಾಗಿ ಕುರ್ಚಿಯ ಬೆನ್ನಿಗೆ ತೂಗುಹಾಕಿದ. ಲ್ಯಾಬಿನಲ್ಲಿ ಸುತ್ತಲಿನ ತಾಪಮಾನವನ್ನು ಅಳೆಯುವುದು ಹಾಗೆಯೇ. ನೋಡನೋಡುತ್ತ ಅಂಕಿ ಮೂವತ್ತೆಂಟಾಯಿತು, ನಲವತ್ತಾಯಿತು, ನಿಲ್ಲಲಿಲ್ಲ. ನಲವತ್ತನಾಲ್ಕಕ್ಕೆ ಹೋಗಿ ನಿಂತಿತು.

ಅಷ್ಟರಲ್ಲೇ ಯಂತ್ರ ಕೀಂಯ್ ಎಂದು ಕೂಗಿತು. ಕೆಂಪು ದೀಪ ಹತ್ತಿತು. ಗುರುಗುಟ್ಟುವಿಕೆ ಕುಗ್ಗಿ ಕುಗ್ಗಿ ಮೌನವಾಯಿತು.

“ನೋಡಿದ್ರಾ? ಹೀಗೇ ಮಾಡುತ್ತೆ” ಎಂದು ಅತ್ತೆ ನಗಲು ನೋಡಿದಳು. ನಗು ಬರಲಿಲ್ಲ, ಉಸಿರು ಮೇಲಕ್ಕೆ ಎಳೆಯಿತು. ತುಟಿಯ ಬಣ್ಣ ಬದಲಾಗುವುದನ್ನು ಆತ ಕಂಡ.

“ಅತ್ತೆ, ಕೆಳಗೆ ಹೋಗೋಣ. ಮಹಡಿ ಮೆಟ್ಟಿಲ ಹತ್ರ ತಂಪಿದೆ. ನನ್ನ ಕೈ ಹಿಡ್ಕೊಳ್ಳಿ.”

ಆಕೆ ಒಂದು ಗಳಿಗೆ ಆ ಕೈಯನ್ನೇ ನೋಡಿದಳು. ಮದುವೆಯಾದ ದಿನದಿಂದ ಇಂದಿನವರೆಗೆ ಅತ್ತೆ ಅಳಿಯ ಒಬ್ಬರ ಕೈಯನ್ನು ಒಬ್ಬರು ಹಿಡಿದವರಲ್ಲ. ನೀರಿನ ಲೋಟವನ್ನೂ ಮೇಜಿನ ಮೇಲಿಟ್ಟು ಸರಿಸುತ್ತಿದ್ದರು. ಈಗ ಆಕೆ ಹಿಡಿದಳು. ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಎಷ್ಟು ದಿನದಿಂದ ಹೆದರಿದ್ದಳೋ ಅಷ್ಟೂ ಆ ಹಿಡಿತದಲ್ಲಿತ್ತು. ಒಂದು ಮೆಟ್ಟಿಲು ಇಳಿದು ನಿಂತು ಉಸಿರು, ಇನ್ನೊಂದು ಇಳಿದು ನಿಂತು ಉಸಿರು. ಕಬ್ಬಿಣದ ಹಿಡಿಕೆ ಆಕೆಗೆ ತಾಗದಂತೆ ಆತ ತನ್ನ ತೋಳನ್ನು ಅಡ್ಡ ಇಟ್ಟುಕೊಂಡು ಇಳಿಸಿದ.

ಒಳಮೆಟ್ಟಿಲ ತಿರುವಿನಲ್ಲಿ ಆಕೆಯನ್ನು ಕೂರಿಸಿ, ಮೇಲೆ ಓಡಿ, ಯಂತ್ರವನ್ನು ಎತ್ತಿಕೊಂಡು ಬಂದ. ಪ್ಲಗ್ಗಿಗೆ ಜಾಗವಿರಲಿಲ್ಲ. ಮೂರನೇ ಮಹಡಿಯ ಬಾಗಿಲು ಬಡಿದ. ಅಲ್ಲಿದ್ದ ಬಸ್ ಡ್ರೈವರನ ಹೆಂಡತಿ ಮಾತಾಡದೆ ಉದ್ದನೆಯ ವೈರು ತಂದು ತನ್ನ ಮನೆಯಿಂದಲೇ ಕರೆಂಟು ಕೊಟ್ಟಳು. ಒಳಗಿನ ಬಿಸಿ ಆರುವವರೆಗೆ ಯಂತ್ರ ಮಿಸುಕಲಿಲ್ಲ. ಆ ಹೊತ್ತಿನಲ್ಲಿ ಆತ ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತು, “ಮೆಲ್ಲಗೆ, ಮೂಗಲ್ಲಿ ಎಳ್ಕೊಂಡು ಬಾಯಲ್ಲಿ ಬಿಡಿ, ಹಾಂ, ಹಾಗೇ” ಎನ್ನುತ್ತ ತಾನೂ ಉಸಿರಾಡಿ ತೋರಿಸುತ್ತಿದ್ದ. ಕೊನೆಗೆ ಯಂತ್ರ ಒಮ್ಮೆ ಕೆಮ್ಮಿ ಗುರುಗುಟ್ಟತೊಡಗಿತು. ಹಸಿರು ದೀಪ ಬಂತು.

ತುಟಿಗೆ ಬಣ್ಣ ಮರಳಿದ ಮೇಲೆ ಅತ್ತೆ ಮೊದಲು ಕೇಳಿದ್ದು, “ಅದು ಕೆಟ್ಟಿಲ್ಲ ಅಲ್ವಾ?”

“ಕೆಟ್ಟಿಲ್ಲ. ನಲವತ್ತು ದಾಟಿದ್ರೆ ಅದು ನಿಲ್ಲಬೇಕು, ನಿಂತಿದೆ. ಒಳ್ಳೇ ಮಷೀನು.”

“ಸದ್ಯ. ನಾನೇ ಏನೋ ತಪ್ಪು ಒತ್ತಿಬಿಡ್ತೀನಿ ಅಂದ್ಕೊಂಡಿದ್ದೆ.”

“ತಪ್ಪು ಕೋಣೇದು.”

“ಕೋಣೆ ಏನು ಮಾಡುತ್ತೆ ಪಾಪ, ಅಷ್ಟು ಬಿಸಿಲು ಬಿದ್ರೆ.”

“ಮಷೀನೂ ಪಾಪ, ಕೋಣೇನೂ ಪಾಪ. ನೀವು? ಫ್ಯಾನು ಯಾಕೆ ಆ ಕಡೆ ತಿರುಗಿಸಿದ್ರಿ?”

“ಅದು ನಿಂತ್ರೆ ನಾನೂ ನಿಲ್ತೀನಲ್ಲ!” ಎಂದು ಅತ್ತೆ ಈ ಸಲ ನಿಜವಾಗಿ ನಕ್ಕಳು.

ಆತ ನಗಲಿಲ್ಲ. “ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅತ್ತೆ.”

“ಏನಂತ ಹೇಳಲಿ? ಸೆಕೆ ಆಗುತ್ತೆ ಅಂತ ಅಳಿಯಂದ್ರ ಹತ್ರ ದೂರು ಹೇಳಕ್ಕಾಗುತ್ತಾ? ನೀವು ಬರೋಷ್ಟರಲ್ಲಿ ನೀರು ಹೊಡೆದು, ಕಿಟಕಿ ತೆಗೆದಿಟ್ರೆ ಸರಿಹೋಗ್ತಿತ್ತು.”

“ಹೊಡೀತಿದ್ದದ್ದು ನಾನು” ಎಂದಳು ಡ್ರೈವರನ ಹೆಂಡತಿ ಬಾಗಿಲಲ್ಲೇ ನಿಂತು. “ದಿನಾ ನೀವು ಬರೋ ಮುಂಚೆ ಬಕೆಟ್‌ಗಟ್ಟಲೆ. ಬಾಯಿ ಬಿಡಬಾರದು ಅಂತ ಅಪ್ಪಣೆ ಆಗಿತ್ತು. ಇವತ್ತು ನೀವೇ ನೋಡಿದ್ರಲ್ಲ, ನನ್ನ ತಲೆ ಮೇಲಿಂದ ಭಾರ ಇಳೀತು.”

“ನೀನು ಒಳಗೆ ಹೋಗೇ” ಎಂದಳು ಅತ್ತೆ. ಅವಳು ಒಳಗೆ ಹೋದಳು, ಬಾಗಿಲು ಮಾತ್ರ ಪೂರ್ತಿ ಹಾಕಲಿಲ್ಲ.

ಆತ ಅತ್ತೆಯ ಕೆಳಗಿನ ಮೆಟ್ಟಿಲಲ್ಲಿ ಕೂತ. “ನಮ್ಮನೆಗೆ ಬಂದುಬಿಡಿ” ಎಂದ.

“ಬೇಡ.”

“ಯಾಕೆ?”

“ಬೇಡ ಅಂದ್ರೆ ಬೇಡ.”

“ಮಗಳ ಮನೆ ಅಲ್ವಾ ಅದು?”

ಅವಳು ಹೋದ ಮೇಲೆ ಮಗಳು ಎಂಬ ಮಾತು ಅವರ ನಡುವೆ ಬಂದು ಬಿದ್ದದ್ದು ಅದೇ ಮೊದಲು. ಅತ್ತೆ ನಳಿಕೆಯನ್ನು ಸರಿಮಾಡಿಕೊಂಡಳು.

“ಮಗಳಿದ್ದಾಗ ಮಗಳ ಮನೆ. ಈಗ ಅದು ನಿಮ್ಮನೆ. ನಿಮಗೇನು ಮಹಾ ವಯಸ್ಸಾಗಿದೆ? ನಾಳೆ ಆ ಮನೆಗೆ ಇನ್ನೊಬ್ಬಳು ಬರಬೇಕು, ಬರ್ತಾಳೆ. ನಾನು ಬಾಯಿ ಬಿಟ್ಟು ಹೇಳಿಲ್ಲ, ಆದ್ರೆ ಬರಲಿ ಅಂತಲೇ ನನ್ನಾಸೆ. ಆಗ ಹಜಾರದಲ್ಲಿ ಹಳೇ ಅತ್ತೆ ಮೂಗಿಗೆ ಪೈಪ್ ಹಾಕ್ಕೊಂಡು ಕೂತಿದ್ರೆ ಯಾವಳು ಒಳಗೆ ಕಾಲಿಡ್ತಾಳೆ?”

ಆತ ಯಂತ್ರದ ಹಸಿರು ದೀಪವನ್ನೇ ನೋಡುತ್ತ ಹೇಳತೊಡಗಿದ.

“ಅತ್ತೆ, ನಮ್ಮನೇಲಿ ಮರದ ನೆರಳಿದೆ. ಬೇಸಿಗೇಲೂ ಮೂವತ್ತು ದಾಟಲ್ಲ. ದಿನವಿಡೀ ಅಷ್ಟು ತಣ್ಣಗಿದ್ದು ಯಾರಿಗೇನು ಬಂತು? ಒಳಗೆ ಒಂದು ನರಪಿಳ್ಳೆ ಇಲ್ಲ. ಲ್ಯಾಬಲ್ಲಿ ಯಾರದೋ ಮಿಕ್ಸಿ, ಯಾರದೋ ಚಾರ್ಜರ್, ಅದಕ್ಕೆ ಸುತ್ತ ಎಷ್ಟು ಬಿಸಿ ಇದೆ ಅಂತ ಗಳಿಗೆಗೊಂದು ಸಲ ನೋಡ್ತೀನಿ. ನಿಮ್ಮ ಸುತ್ತ ಏನಿದೆ ಅಂತ ನೋಡಲೇ ಇಲ್ಲ. ಅವಳ ವಿಷಯದಲ್ಲಿ ನನ್ನ ಕೈಲಿ ಏನೂ ಮಾಡಕ್ಕಾಗ್ಲಿಲ್ಲ. ಹೊತ್ತೇ ಸಿಗಲಿಲ್ಲ. ಇದೊಂದು ಮಾಡಬಹುದು. ಇದನ್ನೂ ಬೇಡ ಅಂತೀರಾ?”

ಹೆಗಲು ಅಲುಗುತ್ತಿತ್ತು. ಹೆಂಡತಿ ಹೋದ ದಿನವೂ ಎಲ್ಲರಿಗೂ ತಾನೇ ನೀರು ಕೊಟ್ಟುಕೊಂಡು ಓಡಾಡಿದವನು ಈಗ ಯಾರದೋ ಕಟ್ಟಡದ ಮೆಟ್ಟಿಲಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಅತ್ತೆ ಕೈ ಚಾಚಿ ಆತನ ತಲೆಯ ಮೇಲಿಟ್ಟಳು.

“ಅಳಬೇಡ ಕಣೋ. ನೀನು ಹೀಗೆ ಅತ್ರೆ ನಾನು ಎಲ್ಲಿಗೆ ಹೋಗ್ಲಿ?”

ಹೇಳಿದ ಮೇಲೆ ಆಕೆಗೇ ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡಳು. “ಬಾಯಿತಪ್ಪಿ ಬಂತು. ತಪ್ಪು ತಿಳ್ಕೋಬೇಡಿ.”

“ಇಲ್ಲ ಅತ್ತೆ” ಎಂದ ಆತ ತಲೆಯೆತ್ತದೆ. “ಹಾಗೇ ಇರ್ಲಿ.”

ಗ್ಯಾಸ್ ಸಿಲಿಂಡರ್ ಹೊತ್ತವನೊಬ್ಬ ಕೆಳಗಿಂದ ಹತ್ತಿ ಬಂದ. ಮೆಟ್ಟಿಲು ತುಂಬ ವೈರು, ಪೆಟ್ಟಿಗೆ, ನಳಿಕೆ, ಅಳುತ್ತಿರುವ ಗಂಡಸು. ಒಂದು ಕ್ಷಣ ನೋಡಿ, ಏನನ್ನೂ ಕೇಳದೆ, ಕಾಲನ್ನು ಎತ್ತೆತ್ತಿ ಇಟ್ಟು ದಾಟಿಕೊಂಡು ಹೋದ. ಅವನು ಹೋದ ಮೇಲೆ ಇಬ್ಬರಿಗೂ ನಗು ಬಂತು.

“ಬಿಸಿಲು ಇಳಿಯೋವರೆಗೆ ಅಷ್ಟೇ” ಎಂದಳು ಅತ್ತೆ ಕೊನೆಗೆ. “ಆದ್ರೆ ಮಷೀನು ಜೊತೆಗೆ ಬರಬೇಕು.”

“ಮಷೀನು ಬಿಟ್ಟು ಹೋಗಕ್ಕಾಗುತ್ತಾ ಅತ್ತೆ? ಅದಿಲ್ದೆ ಉಸಿರಾಡೋದು ಹೇಗೆ?”

“ಇದಲ್ಲವೋ, ಹೊಲಿಗೆ ಮಷೀನು.”

ಅಂದು ಸಂಜೆಯೇ ಟ್ಯಾಕ್ಸಿ ತರಿಸಿ ಎರಡೂ ಯಂತ್ರಗಳನ್ನೂ ಅತ್ತೆಯನ್ನೂ ಆತ ಮನೆಗೆ ಕರೆದುಕೊಂಡು ಹೋದ. ಡ್ರೈವರನ ಹೆಂಡತಿ ರಸ್ತೆಯವರೆಗೆ ಬಂದು ಹೊಲಿಗೆ ಮಷೀನಿನ ಪೆಡಲನ್ನು ತಾನೇ ಹಿಂದಿನ ಸೀಟಿನಲ್ಲಿ ತುರುಕಿದಳು. ಮಾರನೆಯ ದಿನ ರಿಪೇರಿಯವನಿಗೆ ಆತ ಫೋನು ಮಾಡಿ ಬಯ್ಯಲಿಲ್ಲ, ಥ್ಯಾಂಕ್ಸ್ ಹೇಳಿದ. “ಇನ್ಮೇಲೆ ಮಷೀನು ನಿಂತುಹೋಗುತ್ತೆ ಅಂತ ಯಾರಾದ್ರೂ ಕರೆದ್ರೆ ಮಧ್ಯಾಹ್ನವೇ ಹೋಗಿ ನೋಡಪ್ಪ. ಮಾಡು ಯಾವುದು ಅಂತ ಕೇಳು” ಎಂದ. ಅವನು ಹಾಗೇ ಮಾಡತೊಡಗಿದ. ಇನ್ನೂ ಒಂದೆರಡು ಮನೆಗಳಲ್ಲಿ ಇದೇ ಕಥೆ ಎಂದು ಆಮೇಲೆ ಹೇಳಿದ.

ಮೊದಮೊದಲು ಅತ್ತೆ ಆ ಮನೆಯಲ್ಲಿ ನೆಂಟರ ಹಾಗೆ ಅಂಚಿನಲ್ಲೇ ಕೂರುತ್ತಿದ್ದಳು. ಅಳಿಯ ಸಿಂಕಿನ ಪಕ್ಕ ನಿಂತು ಪಾತ್ರೆಯಿಂದಲೇ ಊಟ ಮಾಡುವುದನ್ನು ಕಂಡ ದಿನ ಆ ಸಂಕೋಚ ಮುರಿದುಬಿತ್ತು.

“ಇದೇನೋ ಇದು? ಕುದುರೆ ಹಾಗೆ ನಿಂತ್ಕೊಂಡು ತಿಂತೀಯಾ?”

“ಒಬ್ಬನೇ ತಾನೇ ಅತ್ತೆ, ಇಷ್ಟಕ್ಕೆಲ್ಲ ತಟ್ಟೆ ಯಾಕೆ ಅಂತ…”

“ಒಬ್ಬನೇ ಅಂತೆ. ನಾನೇನು ಗೋಡೇನಾ? ತಟ್ಟೆ ತಗೊಂಡು ಬಂದು ಕೂತ್ಕೋ.”

ಆತ ಕೂತ. ಅಂದಿನಿಂದ ಎರಡು ತಟ್ಟೆ.

ಹೆಂಡತಿಯ ಕೋಣೆಯ ಕಿಟಕಿಯ ಕೆಳಗೆ ಹೊಲಿಗೆ ಮಷೀನು ಬಂದು ಕೂತಿತು. ಒಂದು ಸಂಜೆ ಅತ್ತೆ ಹೊಲಿಯುತ್ತ ಹೊಲಿಯುತ್ತ ತಾನಾಗಿಯೇ ಹೇಳತೊಡಗಿದಳು. ಮಗಳು ಸಣ್ಣವಳಿದ್ದಾಗ ಈ ಮಷೀನಿನ ಕೆಳಗೇ ಮಲಗುತ್ತಿದ್ದಳಂತೆ. ಸದ್ದು ನಿಂತರೆ ಎದ್ದು ಅಳುತ್ತಿದ್ದಳಂತೆ. ಹೊಲಿಯಲು ಬಟ್ಟೆ ಇಲ್ಲದ ದಿನವೂ ಅವಳನ್ನು ಮಲಗಿಸಲಿಕ್ಕೆಂದು ಬರಿ ಪೆಡಲು ತುಳಿಯುತ್ತಿದ್ದಳಂತೆ ಈಕೆ.

“ನನಗೆ ಇದು ಗೊತ್ತೇ ಇರಲಿಲ್ಲ” ಎಂದ ಆತ.

“ಅವಳಿಗೂ ಗೊತ್ತಿರಲಿಲ್ಲ. ಹೇಳಿದ್ರೆ ನಾಚ್ಕೋತಾಳೆ ಅಂತ ಹೇಳಿರಲಿಲ್ಲ.”

“ನಿದ್ದೇಲಿ ಕಾಲು ಆಡಿಸೋಳು. ಯಾಕೆ ಅಂತ ಈಗ ಗೊತ್ತಾಯ್ತು.”

ಇಬ್ಬರೂ ನಕ್ಕರು, ಇಬ್ಬರ ಕಣ್ಣೂ ತುಂಬಿದವು, ಯಾರಿಗೂ ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಅವಳ ಹೆಸರು ಆ ಮನೆಯಲ್ಲಿ ಊಟದ ಹೊತ್ತಿಗೂ ಬರುತ್ತಿತ್ತು, ಟೀವಿ ರಿಮೋಟಿಗೆ ಜಗಳವಾಡುವಾಗಲೂ ಬರುತ್ತಿತ್ತು.

ಮಳೆ ಬಂತು, ಬಿಸಿಲು ಇಳಿಯಿತು. ವಾಪಸು ಹೋಗುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಷ್ಟು ಮೆಟ್ಟಿಲು ಹತ್ತುವುದು ಡಾಕ್ಟರಿಗೂ ಇಷ್ಟವಿರಲಿಲ್ಲ. ಕೊನೆಗೊಂದು ದಿನ ಅತ್ತೆಯೇ, “ಆ ಕೋಣೆ ಬಿಟ್ಟುಬಿಡೋಣ. ಆದ್ರೆ ಓನರಿಗೆ ಹೇಳು, ತಗಡಿನ ಕೆಳಗೆ ಒಳಮಾಡು ಹಾಕಿಸ್ದೆ ಅಲ್ಲಿಗೆ ಇನ್ಯಾರನ್ನೂ ಕೂರಿಸಬಾರದು ಅಂತ” ಎಂದಳು. ಆತ ಹೋಗಿ ಹೇಳಿದ. ಓನರು ಮುಖ ಸಿಂಡರಿಸಿದ. ಆತ ಮತ್ತೆ ಹೋದ, ಅಂಚು ಹಿಡಿದರೆ ಬಿಡುವವನಲ್ಲವಲ್ಲ. ಡ್ರೈವರನ ಹೆಂಡತಿಯೂ ದಿನಾ ಓನರನ ತಲೆ ತಿಂದಳು. ಒಳಮಾಡೂ ಬಂತು, ಮೇಲೆ ಬಿಳಿ ಬಣ್ಣವೂ ಬಂತು.

ಇನ್ನೊಬ್ಬಳು ಬರುವ ಮಾತನ್ನು ಅತ್ತೆ ಪೂರ್ತಿ ಕೈಬಿಡಲಿಲ್ಲ. ಆಗಾಗ ಎತ್ತುತ್ತಿದ್ದಳು. “ಬಂದ್ರೆ ನಿಮ್ಮಿಬ್ಬರ ರಿಮೋಟ್ ಜಗಳಾನೂ ನಾನೇ ಬಿಡಿಸ್ಬೇಕಾಗುತ್ತೆ ಅತ್ತೆ, ಬೇಡ” ಎಂದು ಆತ ಹಾರಿಸಿಬಿಡುತ್ತಿದ್ದ.

ಒಂದು ದಿನ ಲ್ಯಾಬಿನಿಂದ ಬಂದು ಆತ ಬಾಗಿಲಿಗೆ ಕೀಲಿ ಹಾಕಿ ತಿರುಗಿಸಿದ. ಕೀಲಿ ತಿರುಗಿತು, ಬಾಗಿಲು ತೆರೆಯಲಿಲ್ಲ. ಒಳಗಿಂದ ಚಿಲಕ ಹಾಕಿತ್ತು. ಬೀದಿಯ ಬೆಕ್ಕು ನುಗ್ಗುತ್ತದೆಂದು ಅತ್ತೆ ಹೊಸದಾಗಿ ಶುರುಮಾಡಿದ ಪದ್ಧತಿ. ಹೆಂಡತಿ ಹೋದ ಮೇಲೆ ಸ್ವಂತ ಮನೆಯ ಬಾಗಿಲನ್ನು ಆತ ತಟ್ಟಿದವನೇ ಅಲ್ಲ. ತಟ್ಟಿದರೆ ತೆಗೆಯುವವರು ಯಾರಿದ್ದರು? ಎತ್ತಿದ ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡು ನಿಂತ. ಆಮೇಲೆ ತಟ್ಟಿದ.

“ಯಾರು?” ಒಳಗಿಂದ ದನಿ ಬಂತು.

“ನಾನು ಅತ್ತೆ.”

“ನಾನು ಅಂದ್ರೆ ಯಾರು?”

“ನಿಮ್ಮ ಅಳಿಯ!”

“ಹಾಗೆ ಹೇಳು ಮತ್ತೆ. ಇರು, ಪೈಪ್ ಬಿಡಿಸ್ಕೊಂಡು ಬರ್ತೀನಿ. ಅವಸರ ಮಾಡ್ಬೇಡ.”

ಆತನಿಗೆ ಯಾವ ಅವಸರವೂ ಇರಲಿಲ್ಲ. ಚಪ್ಪಲಿಯ ಸದ್ದು ಮೆಲ್ಲಗೆ ಬಾಗಿಲ ಕಡೆ ಬರುತ್ತಿರುವುದನ್ನು ಕೇಳಿಸಿಕೊಳ್ಳುತ್ತ ಹೊರಗೆ ನಿಂತಿದ್ದ.